ಪೇಸ್‌ಮೇಕರ್ ಕೋಶಗಳು ಎಷ್ಟಿವೆ ಅನ್ನೋದು ಮುಖ್ಯವಾ, ಎಲ್ಲಿ ಕೂತಿವೆ ಅನ್ನೋದು ಮುಖ್ಯವಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಬಯೋಟೆಕ್ನಾಲಜಿ ವಿದ್ಯಾರ್ಥಿನಿ. ಈಗ ಪ್ರಾಜೆಕ್ಟ್‌ಗೆ ಹೃದಯದ ಕೋಶ ಬೆಳೆಸುವ ಲ್ಯಾಬ್ ಒಂದರಲ್ಲಿದ್ದೇನೆ. ಹುಟ್ಟಿ ಒಂದೆರಡು ದಿನವಾದ ಇಲಿಮರಿಯ ಹೃದಯದಿಂದ ಕೋಶಗಳನ್ನು ಬಿಡಿಸಿ ಡಿಶ್‌ನಲ್ಲಿ ಹರಡುತ್ತೇವೆ. ಮೊದಲು ನೋಡಿದಾಗ ಇಲ್ಲೊಂದು ಕೋಶ, ಅಲ್ಲೊಂದು ಗುಂಪು, ತಮ್ಮ ಪಾಡಿಗೆ ತಾವು ಮಿಡಿಯುತ್ತಿರುತ್ತವೆ. ಒಂದು ಬೇಗ, ಇನ್ನೊಂದು ನಿಧಾನ. ಪಕ್ಕದಲ್ಲೇ ಕೆಲವು ಅಲುಗಾಡದೆ ಬಿದ್ದಿರುತ್ತವೆ. ಡಿಶ್ ತುಂಬಿ ಕೋಶಗಳು ಒಂದಕ್ಕೊಂದು ಅಂಟಿಕೊಂಡ ಮೇಲೆ ಇಡೀ ಹಾಳೆ ಒಟ್ಟಿಗೆ ಮಿಡಿಯುತ್ತೆ.

ನನ್ನ ಪ್ರಶ್ನೆ ಇದು. ತಾನಾಗಿ ಮಿಡಿಯುವ ಪೇಸ್‌ಮೇಕರ್ ಕೋಶಗಳನ್ನು ಅಷ್ಟೇ ಸಂಖ್ಯೆಯಲ್ಲಿ ತಗೊಂಡು, ಒಂದು ಡಿಶ್‌ನಲ್ಲಿ ಎಲ್ಲ ಕಡೆ ಚೆಲ್ಲಿದರೆ, ಇನ್ನೊಂದರಲ್ಲಿ ಒಂದೇ ಕಡೆ ಗುಡ್ಡೆ ಹಾಕಿದರೆ, ಮಿಡಿತದಲ್ಲಿ ವ್ಯತ್ಯಾಸ ಬರುತ್ತಾ? ಹೃದಯದ ಮಿಡಿತ ಶುರುವಾಗುವ ಪುಟ್ಟ ಭಾಗವಾದ ಎಸ್‌ಎ ನೋಡ್‌ನಲ್ಲಿ ಸುಮಾರು 10,000 ಪೇಸ್‌ಮೇಕರ್ ಕೋಶಗಳಿವೆ ಅಂತ ಓದಿದ್ದೇನೆ. ಹೃದಯದಲ್ಲಿ ಸ್ನಾಯು ಕೋಶಗಳು 200 ಕೋಟಿಗೂ ಜಾಸ್ತಿ. ಇಷ್ಟು ಚಿಕ್ಕ ಗುಂಪು ಅಷ್ಟು ದೊಡ್ಡ ಸ್ನಾಯುವನ್ನು ಎಬ್ಬಿಸುವುದು ಹೇಗೆ? ಪುಸ್ತಕದಲ್ಲಿ ‘ನೋಡ್‌ನಿಂದ ಸಂಕೇತ ಹೊರಡುತ್ತದೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡ್ತಾರೆ.

ಕೋಶಕಥೆ

ವ್ಯತ್ಯಾಸ ಖಂಡಿತ ಬರುತ್ತೆ. ನಾನು ಇದೇ ಕೆಲಸದಲ್ಲಿ ಪೋಸ್ಟ್‌ಡಾಕ್ ಮಾಡ್ತಿದ್ದೇನೆ, ಸ್ವಲ್ಪ ವಿವರವಾಗಿ ಬರೀತೀನಿ. ಸಂಖ್ಯೆ ಬಿಡಿ, ವೋಲ್ಟೇಜ್‌ನಿಂದ ಶುರು ಮಾಡೋಣ.

ಹೃದಯದ ಕೆಳಕೋಣೆಯ ಸ್ನಾಯು ಕೋಶ ಎರಡು ಮಿಡಿತಗಳ ನಡುವೆ ಸುಮಾರು ಮೈನಸ್ 85 ಮಿಲಿವೋಲ್ಟ್‌ನಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಅದನ್ನು ಹಾಗೆ ಕೂರಿಸುವುದು ಕಿರ್ 2.1 ಎಂಬ ಪೊಟ್ಯಾಸಿಯಂ ಚಾನೆಲ್, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ದಾರಿ. ಪೇಸ್‌ಮೇಕರ್ ಕೋಶದಲ್ಲಿ ಈ ಚಾನೆಲ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದು ಮೈನಸ್ 60ರ ಆಸುಪಾಸಿಗೆ ಇಳಿದು, ಅಲ್ಲಿ ನಿಲ್ಲದೆ ಮೆಲ್ಲಗೆ ಮೇಲೇರುತ್ತೆ. ಎಚ್‌ಸಿಎನ್4 ಚಾನೆಲ್‌ನಿಂದ ಒಳಬರುವ ಕರೆಂಟು, ಕೋಶದೊಳಗಿನ ಉಗ್ರಾಣದಿಂದ ಆಗಾಗ ಸೋರುವ ಕ್ಯಾಲ್ಸಿಯಂ, ಎರಡೂ ಸೇರಿ ಮೇಲಕ್ಕೆ ತಳ್ಳುತ್ತವೆ. ಮೈನಸ್ 40ರ ಹತ್ತಿರ ಬಂದಾಗ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದು ಮಿಡಿತ ಹೊರಡುತ್ತೆ. ಈ ಏರಿಕೆಯ ಹೊತ್ತಿನಲ್ಲಿ ಹರಿಯುವ ಕರೆಂಟು ತೀರಾ ಸಣ್ಣದು. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಈಗ ಆ ಒಂದು ಕೋಶವನ್ನು ಸಾಮಾನ್ಯ ಸ್ನಾಯು ಕೋಶಗಳ ಮಧ್ಯೆ ಕೂರಿಸಿ. ಗ್ಯಾಪ್ ಜಂಕ್ಷನ್‌ಗಳ ಮೂಲಕ ಎಲ್ಲ ಕೋಶಗಳಿಗೂ ಒಳಗಿಂದೊಳಗೇ ಸಂಪರ್ಕ ಇರುತ್ತೆ. ಪೇಸ್‌ಮೇಕರ್ ಕೋಶ ಮೇಲೇರಲು ನೋಡುತ್ತೆ, ಸುತ್ತಲಿನವು ಅದನ್ನು ಮೈನಸ್ 85ರ ಕಡೆಗೆ ಎಳೆಯುತ್ತವೆ. ತಣ್ಣೀರಿನ ತೊಟ್ಟಿಗೆ ಒಂದು ಚೊಂಬು ಬಿಸಿನೀರು ಸುರಿದ ಹಾಗೆ. ಬಿಸಿ ಎಲ್ಲಿ ಹೋಯ್ತು ಅಂತ ಗೊತ್ತೇ ಆಗಲ್ಲ. ಕೋಶ ಸತ್ತಿಲ್ಲ, ಅದರ ಚಾನೆಲ್‌ಗಳು ಕೆಟ್ಟಿಲ್ಲ, ಆದರೂ ಮಿಡಿಯಲ್ಲ. ಬಿಡಿಬಿಡಿಯಾಗಿ ಚೆಲ್ಲಿದರೆ ಆಗುವುದು ಇದೇ.

ಗುಡ್ಡೆ ಹಾಕಿದಾಗ ಅಂಚಿನ ಕೋಶಗಳಿಗೆ ಮಾತ್ರ ಈ ಎಳೆತ ನೇರವಾಗಿ ತಟ್ಟುತ್ತೆ. ಒಳಗಿನವುಗಳ ಅಕ್ಕಪಕ್ಕ ಅವುಗಳಂಥವೇ ಇರುತ್ತವೆ, ಎಲ್ಲ ಒಟ್ಟಿಗೆ ಏರುತ್ತವೆ. ಅದಕ್ಕೇ ಅಷ್ಟೇ ಕೋಶಗಳು ಗುಂಪಾಗಿದ್ದರೆ ಮಿಡಿಯುತ್ತವೆ, ಚದುರಿದ್ದರೆ ಸುಮ್ಮನಾಗುತ್ತವೆ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಪ್ರಯೋಗ 2002ರದ್ದು. ಮಿಯಾಕೆ, ಮಾರ್ಬಾನ್, ನಸ್ ಎಂಬ ಮೂವರು ಗಿನಿಪಿಗ್‌ನ ಕೆಳಕೋಣೆಯ ಕೋಶಗಳಲ್ಲಿ ಕಿರ್ 2.1 ಕರೆಂಟನ್ನು ತಗ್ಗಿಸಿದರು. ಹೊಸದಾಗಿ ಯಾವ ಪೇಸ್‌ಮೇಕರ್ ಚಾನೆಲ್ಲನ್ನೂ ಸೇರಿಸಲಿಲ್ಲ. ಹಿಡಿದಿಡುತ್ತಿದ್ದ ಕೈ ಸಡಿಲವಾಯಿತು ಅಷ್ಟೇ, ಆ ಕೋಶಗಳು ತಾವಾಗಿ ಮಿಡಿಯತೊಡಗಿದವು.

ಅಲೆಗಣಿತ

ಕೋಶಕಥೆ ಮೇಡಂ ಹೇಳಿದ್ದು ಸರಿ. ಆದರೆ ‘ಚದುರಿದರೆ ಸುಮ್ಮನಾಗುತ್ತವೆ’ ಅನ್ನೋದನ್ನು ನಿಯಮ ಅಂತ ಬರೆದುಕೊಳ್ಳಬೇಡಿ. ನಾನು ಕಂಪ್ಯೂಟರ್‌ನಲ್ಲಿ ಹೃದಯದ ಅಲೆಗಳ ಮಾದರಿ ಕಟ್ಟುವವನು. ಅಲ್ಲಿ ಕಾಣೋದು ಇನ್ನೂ ಸ್ವಲ್ಪ ಗೋಜಲು.

ಮೊದಲನೇ ವಿಷಯ ಸಾಂದ್ರತೆ. ಮನಬಂದಂತೆ ಚೆಲ್ಲಿದರೂ ಕೋಶಗಳು ಸಮ ಅಂತರದಲ್ಲಿ ಬೀಳಲ್ಲ. ಅಲ್ಲಲ್ಲಿ ನಾಲ್ಕೈದು ಪಕ್ಕಪಕ್ಕ ಬಿದ್ದು ಗುಂಪಾಗುತ್ತವೆ. ಸಾಂದ್ರತೆ ಜಾಸ್ತಿಯಾದಂತೆ ಇಂಥ ಗುಂಪುಗಳೂ ದೊಡ್ಡದಾಗುತ್ತವೆ. ಇಡೀ ಹಾಳೆಯ ಮಿಡಿತ ಸರಾಸರಿ ಸಾಂದ್ರತೆಯನ್ನು ಕೇಳಲ್ಲ. ಎಲ್ಲಕ್ಕಿಂತ ಅನುಕೂಲವಾಗಿ ಕೂತ ಒಂದು ಗುಂಪು ಎಲ್ಲಿದೆ ಅಂತ ನೋಡುತ್ತೆ. ಅದು ಮಿಡಿದರೆ ಸಾಕು, ಅಲೆ ಎದ್ದು ಉಳಿದದ್ದನ್ನೆಲ್ಲ ದಾಟಿ ಹೋಗುತ್ತೆ. ಹಾಗಾಗಿ ಪೇಸ್‌ಮೇಕರ್ ಕೋಶ ಕಡಿಮೆ ಇರುವಾಗ, ಅಷ್ಟೇ ಸಂಖ್ಯೆಯ ಎರಡು ಡಿಶ್‌ಗಳಲ್ಲಿ ಒಂದು ಮಿಡಿಯಬಹುದು, ಇನ್ನೊಂದು ಸುಮ್ಮನಿರಬಹುದು. ಎರಡೂ ಮಿಡಿದರೂ ಲಯ ಬೇರೆ ಇರಬಹುದು. ಮಾಂಟ್ರಿಯಲ್‌ನ ಫಿಲಿಪ್ ಕೊಮ್‌ತ್ವಾ ಅವರ ತಂಡ 2014ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಪ್ರಬಂಧ ಬರೆದಿದೆ: ಪೇಸ್‌ಮೇಕರ್ ಕೋಶಗಳ ಸಾಂದ್ರತೆ ಮತ್ತು ಹರವು ಹಾಳೆಯ ಮಿಡಿತವನ್ನು ಹೇಗೆ ಬದಲಿಸುತ್ತೆ ಅಂತ. ತುಂಗಾತೀರ, ಅದನ್ನು ಓದಿ.

ಎರಡನೆಯದು ಗುಂಪು ಎಲ್ಲಿದೆ ಅನ್ನೋದು. ಹಾಳೆಯ ನಟ್ಟನಡುವೆ ಇರುವ ಗುಂಪಿಗೆ ಸುತ್ತ ನಾಲ್ಕೂ ಕಡೆ ಎಳೆಯುವವರು. ಅಂಚಿನಲ್ಲಿದ್ದರೆ ಒಂದು ಬದಿ ಖಾಲಿ, ಹೊರೆ ಅಷ್ಟು ಕಡಿಮೆ. ಮೂಲೆಯಲ್ಲಿದ್ದರೆ ಇನ್ನೂ ಕಡಿಮೆ. ನಡುವೆ ಸೋಲುವ ಗುಂಪೇ ಅಂಚಿನಲ್ಲಿ ಗೆಲ್ಲಬಹುದು.

ಮೂರನೆಯದೇ ನಿಜವಾದ ವಿಷಯ: ಸಂಪರ್ಕ ಎಷ್ಟು ಬಿಗಿ ಇದೆ? ಗ್ಯಾಪ್ ಜಂಕ್ಷನ್ ತೀರಾ ಕಡಿಮೆ ಇದ್ದರೆ ಗುಂಪು ತನ್ನಷ್ಟಕ್ಕೆ ಮಿಡಿಯುತ್ತೆ, ಅಲೆ ಹೊರಗೆ ಬರಲ್ಲ. ತೀರಾ ಜಾಸ್ತಿ ಇದ್ದರೆ ಸುತ್ತಲಿನ ಎಳೆತಕ್ಕೆ ಗುಂಪೇ ಅಡಗಿಹೋಗುತ್ತೆ. ಎರಡರ ನಡುವಿನ ಒಂದು ಪಟ್ಟಿಯಲ್ಲಿ ಮಾತ್ರ ಮಿಡಿತವೂ ಹುಟ್ಟುತ್ತೆ, ಹೊರಗೂ ಹೋಗುತ್ತೆ. ಪಟ್ಟಿಯ ಅಂಚಿಗೆ ಹತ್ತಿರವಾದಂತೆ ಮಿಡಿತ ನಿಧಾನವಾಗುತ್ತೆ, ಲಯ ತಪ್ಪುತ್ತೆ, ಕೆಲವು ಮಿಡಿತ ಹೊರಬರದೆ ಒಳಗೇ ಉಳಿಯುತ್ತೆ.

ತುಂಗಾತೀರ ಅವರ ಎರಡನೇ ಪ್ರಶ್ನೆಯನ್ನು ಜಾಯ್ನರ್ ಮತ್ತು ವಾನ್ ಕಾಪೆಲ್ಲೆ 1986ರಲ್ಲಿ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳಿದ್ದರು. ಅಷ್ಟು ಸಣ್ಣ ನೋಡ್ ಅಷ್ಟು ದೊಡ್ಡ ಮೇಲ್ಕೋಣೆಯನ್ನು ಹೇಗೆ ನಡೆಸುತ್ತೆ ಅಂತ. ಅವರ ಲೆಕ್ಕದ ಉತ್ತರ ಏನಂದರೆ, ನೋಡ್‌ನ ನಡುವಿನ ಕೋಶಗಳ ನಡುವೆ ಸಂಪರ್ಕ ಸಡಿಲವಾಗಿರಬೇಕು, ಅಂಚಿನ ಕಡೆಗೆ ಹೋದಂತೆ ಮೆಲ್ಲಮೆಲ್ಲಗೆ ಬಿಗಿಯಾಗಬೇಕು.

ಬೆಳಗಾವಿ_ಡಾಕ್ಟರ್

ನಾನು ಹೃದ್ರೋಗ ವೈದ್ಯ. ಅಲೆಗಣಿತ ಅವರು ಲೆಕ್ಕದಲ್ಲಿ ಹೇಳಿದ್ದನ್ನು ಹೃದಯ ಮಾಂಸದಲ್ಲೇ ಕಟ್ಟಿಟ್ಟಿದೆ. ಅದನ್ನು ಹೇಳುತ್ತೇನೆ.

ಎಸ್‌ಎ ನೋಡ್ ಕಂಡುಹಿಡಿದದ್ದು ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್. 1906ರ ಬೇಸಿಗೆಯಲ್ಲಿ ಕೆಂಟ್ ಕಡೆಯ ಹಳ್ಳಿಮನೆಯಲ್ಲಿ ಕೆಲಸ ನಡೆದಿತ್ತು. ಫ್ಲ್ಯಾಕ್ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ಮೋಲ್ ಅನ್ನುವ, ನೆಲ ಕೊರೆದು ಬದುಕುವ ಪುಟ್ಟ ಪ್ರಾಣಿಯ ಹೃದಯವನ್ನು ತೆಳುವಾಗಿ ಸೀಳಿ ನೋಡುತ್ತಿದ್ದಾಗ ಈ ವಿಚಿತ್ರ ಅಂಗಾಂಶ ಅವರ ಕಣ್ಣಿಗೆ ಬಿತ್ತು. 1907ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಮಿಡಿತ ಶುರುವಾಗುವುದು ಅಲ್ಲೇ ಅಂತ 1910ರಲ್ಲಿ ಥಾಮಸ್ ಲೂಯಿಸ್ ಮತ್ತು ಸಂಗಡಿಗರು ತೋರಿಸಿದರು.

ಮನುಷ್ಯರಲ್ಲಿ ಇದು ಬಲ ಮೇಲ್ಕೋಣೆಗೆ ಮೇಲಿನ ಮಹಾಸಿರೆ ಸೇರುವ ಕಡೆ ಇದೆ. ಒಂದರಿಂದ ಎರಡು ಸೆಂಟಿಮೀಟರ್ ಉದ್ದ, ಕೆಲವೇ ಮಿಲಿಮೀಟರ್ ಅಗಲ. ನಡುವೆ ಒಂದು ರಕ್ತನಾಳ ಹಾದುಹೋಗುತ್ತೆ. ಕೋಶಗಳು ಚಿಕ್ಕವು, ಸ್ನಾಯುವಿನ ಎಳೆಗಳು ಕಡಿಮೆ, ಹೆಣೆದುಕೊಂಡ ಹಾಗೆ ಮಲಗಿರುತ್ತವೆ. ಮಧ್ಯೆ ಮಧ್ಯೆ ತುಂಬಾ ನಾರು. ಈ ನಾರು ಬರೀ ಕೋಶಗಳನ್ನು ಹಿಡಿದುಕೊಳ್ಳಲು ಇಲ್ಲ, ಸುತ್ತಲಿನ ಮೇಲ್ಕೋಣೆಯ ಎಳೆತದಿಂದ ನೋಡ್ ಅನ್ನು ಬೇರ್ಪಡಿಸಿಯೂ ಇಡುತ್ತೆ.

ಮೇಲ್ಕೋಣೆಯ ಸ್ನಾಯುವಿನಲ್ಲಿ ಕನೆಕ್ಸಿನ್ 43 ಅನ್ನೋ ಪ್ರೋಟೀನ್‌ನ ಗ್ಯಾಪ್ ಜಂಕ್ಷನ್‌ಗಳು ಧಾರಾಳ. ನೋಡ್‌ನ ನಡುವೆ ಅದು ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿರುವುದು ಕನೆಕ್ಸಿನ್ 45, ಅದರ ಸಂಪರ್ಕ ಸಡಿಲ. ಬೇಗ ಓಡುವ ಸೋಡಿಯಂ ಕರೆಂಟೂ ನಡುವೆ ಕಡಿಮೆ. ಹಾಗಾಗಿ ನೋಡ್ ಒಳಗೆ ಅಲೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ತೆವಳುತ್ತೆ. ಮೇಲ್ಕೋಣೆಗೆ ಬಿದ್ದ ಮೇಲೆ ಹತ್ತು ಪಟ್ಟಿಗೂ ಜಾಸ್ತಿ ವೇಗ. ಮನುಷ್ಯರ ಹೃದಯದ ಮೇಲೆ ಬೆಳಕಿನ ಚಿತ್ರಣ ಮಾಡಿದವರು ಇನ್ನೊಂದನ್ನೂ ಕಂಡರು. ಅಲೆ ನೋಡ್‌ನ ಎಲ್ಲ ಬದಿಯಿಂದಲೂ ಹೊರಗೆ ಬರಲ್ಲ. ಕೆಲವೇ ಕೆಲವು ಕಿರುದಾರಿಗಳಿವೆ, ಅವುಗಳಿಂದಷ್ಟೇ ಬರುತ್ತೆ.

ಇದರಿಂದ ಒಂದು ಕಾಯಿಲೆ ಅರ್ಥವಾಗುತ್ತೆ. ಕೆಲವರ ಇಸಿಜಿಯಲ್ಲಿ ಮಿಡಿತ ಸರಿಯಾಗಿ ಹೋಗುತ್ತಾ ಇದ್ದಕ್ಕಿದ್ದಂತೆ, ಮೇಲ್ಕೋಣೆ ಎದ್ದದ್ದನ್ನು ತೋರಿಸುವ ಒಂದು ‘ಪಿ’ ಅಲೆ ಕಾಣೆಯಾಗುತ್ತೆ. ಕಾಲಿಪರ್ ಹಿಡಿದು ಆ ಖಾಲಿ ಜಾಗವನ್ನು ಅಳೆದರೆ ಎರಡು ಸಾಮಾನ್ಯ ಅಂತರಗಳಿಗೆ ಸರಿಸಮ. ಅಂದರೆ ನೋಡ್ ತನ್ನ ಹೊತ್ತಿಗೆ ಸರಿಯಾಗಿ ಮಿಡಿದಿದೆ, ಆ ಮಿಡಿತ ಹೊರಗೆ ದಾಟಿಲ್ಲ. ಮುಂದಿನದು ಮತ್ತೆ ಸರಿಯಾದ ಹೊತ್ತಿಗೆ ಬಂದಿದೆ. ನಾವು ಇದನ್ನು ಎಕ್ಸಿಟ್ ಬ್ಲಾಕ್ ಅಂತೀವಿ. ಕೋಶ ಮಿಡಿಯುವುದು ಬೇರೆ, ಅಂಗಾಂಶ ಮಿಡಿಯುವುದು ಬೇರೆ ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ನಾನು ನೋಡಿಲ್ಲ.

ಅಡಿಕೆತೋಟ

ಡಾಕ್ಟ್ರೇ, ಒಂದು ಕೇಳಲಾ? ನಮ್ಮ ತಂದೆಯವರಿಗೆ ಸಿಕ್ ಸೈನಸ್, ಅಂದ್ರೆ ಎಸ್‌ಎ ನೋಡ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅಂತ ಹೇಳಿ ಪೇಸ್‌ಮೇಕರ್ ಮೆಷಿನ್ ಇಟ್ಟಿದ್ದಾರೆ. ಈಗ ಆರಾಮಾಗಿದ್ದಾರೆ, ತೋಟಕ್ಕೂ ಓಡಾಡ್ತಾರೆ. ಅಂದ್ರೆ ಅವರ ಆ 10,000 ಕೋಶಗಳೂ ಸತ್ತುಹೋಗಿವೆ ಅಂತಲಾ?

ಬೆಳಗಾವಿ_ಡಾಕ್ಟರ್

ಹಾಗೇನಿಲ್ಲ. ವಯಸ್ಸಾದಂತೆ ನೋಡ್‌ನಲ್ಲಿ ನಾರು ಹೆಚ್ಚಾಗುತ್ತೆ. ಅಳತೆಯಲ್ಲಿದ್ದಾಗ ಕಾಯುತ್ತಿದ್ದ ನಾರು, ಅಳತೆ ಮೀರಿದಾಗ ಕೋಶಗಳನ್ನು ಒಂದರಿಂದ ಒಂದು ಬೇರೆ ಮಾಡುತ್ತೆ, ಹೊರದಾರಿಗಳನ್ನೂ ಮುಚ್ಚುತ್ತೆ. ಒಂದಷ್ಟು ಕೋಶ ಹೋಗಿರುತ್ತವೆ, ಒಂದಷ್ಟು ಮಿಡಿಯುತ್ತಲೇ ಇರುತ್ತವೆ. ಒಟ್ಟಿಗೆ ಕೆಲಸ ಮಾಡೋದು ತಪ್ಪಿರುತ್ತೆ. ತಂದೆಯವರ ಇಸಿಜಿ ನೋಡದೆ ಅವರ ಬಗ್ಗೆ ಹೇಳೋದು ಸರಿಯಲ್ಲ. ಚೆನ್ನಾಗಿ ಓಡಾಡ್ತಿದ್ದಾರೆ ಅನ್ನೋದು ಸಂತೋಷ. ಮೆಷಿನ್ ಚೆಕಪ್ ಮಾತ್ರ ತಪ್ಪಿಸಬೇಡಿ.

ತುಂಗಾತೀರ

ತುಂಬಾ ಧನ್ಯವಾದ. ಇನ್ನೊಂದು ಅನುಮಾನ. ಗುಂಪಿನೊಳಗೆ ಎಲ್ಲ ಕೋಶಗಳ ಸ್ವಂತ ಲಯ ಒಂದೇ ಇರಲ್ಲ, ಅಲ್ವಾ? ಹಾಗಾದರೆ ಕೊನೆಗೆ ಯಾವ ಲಯ ನಿಲ್ಲುತ್ತೆ? ಎಲ್ಲಕ್ಕಿಂತ ವೇಗದ್ದಾ?

ಅಲೆಗಣಿತ

ಎರಡು ಸಂದರ್ಭ ಬೇರೆ ಮಾಡಬೇಕು. ದೂರದ ಗುಂಪುಗಳ ನಡುವೆ ವೇಗದ್ದೇ ಗೆಲ್ಲುತ್ತೆ. ಅದರ ಅಲೆ ಬಂದು ನಿಧಾನದ ಗುಂಪನ್ನು ಅದರ ಸರದಿಗೆ ಮೊದಲೇ ಎಬ್ಬಿಸಿಬಿಡುತ್ತೆ. ಹೃದಯದಲ್ಲೂ ಹಾಗೇ. ಎಸ್‌ಎ ನೋಡ್ ನಿಮಿಷಕ್ಕೆ 60ರಿಂದ 100, ಮೇಲ್ಕೋಣೆ ಕೆಳಕೋಣೆಗಳ ನಡುವಿನ ಎವಿ ನೋಡ್ ಭಾಗ 40ರಿಂದ 60, ಕೆಳಕೋಣೆಗೆ ಸಂಕೇತ ಹಂಚುವ ಪರ್ಕಿಂಜೆ ಎಳೆಗಳು 20ರಿಂದ 40. ಮೇಲಿನದು ನಿಂತರೆ ಮಾತ್ರ ಕೆಳಗಿನದಕ್ಕೆ ಸರದಿ ಸಿಗುತ್ತೆ.

ಒತ್ತಾಗಿ ಕೂತ ಕೋಶಗಳ ನಡುವೆ ಕಥೆ ಬೇರೆ. ಹೋಸೆ ಹಲಿಫೆ 1984ರಲ್ಲಿ ಮೊಲದ ನೋಡ್ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಎರಡು ಭಾಗಗಳು ಒಂದನ್ನೊಂದು ಎಳೆದಾಡಿ, ಎರಡರ ಸ್ವಂತ ಲಯಗಳ ನಡುವಿನ ಒಂದು ಲಯಕ್ಕೆ ಬರುತ್ತವೆ. ವೇಗದ್ದು ಸ್ವಲ್ಪ ನಿಧಾನವಾಗುತ್ತೆ, ನಿಧಾನದ್ದು ಸ್ವಲ್ಪ ಬೇಗವಾಗುತ್ತೆ.

ಗುಂಪಾಗುವುದರಿಂದ ಇನ್ನೊಂದು ಲಾಭ ಇದೆ, ಅದು ಸ್ಥಿರತೆ. ಕ್ಲೇ ಮತ್ತು ಡಿಹಾನ್ 1979ರಲ್ಲಿ ಕೋಳಿ ಭ್ರೂಣದ ಹೃದಯ ಕೋಶಗಳ ಚಿಕ್ಕ ದೊಡ್ಡ ಉಂಡೆಗಳಲ್ಲಿ ಒಂದು ಮಿಡಿತದಿಂದ ಇನ್ನೊಂದಕ್ಕೆ ಅಂತರ ಎಷ್ಟು ಏರುಪೇರಾಗುತ್ತೆ ಅಂತ ಅಳೆದರು. ಏರುಪೇರು ಕೋಶಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯಿತು. ಅಂದರೆ 100 ಕೋಶಗಳ ಉಂಡೆಯಲ್ಲಿ ಏರುಪೇರು ಒಂಟಿ ಕೋಶದ ಹತ್ತನೇ ಒಂದು ಭಾಗ. ಒಂಟಿ ಕೋಶದಲ್ಲಿ ಚಾನೆಲ್‌ಗಳು ಅಡ್ಡಾದಿಡ್ಡಿ ತೆರೆದು ಮುಚ್ಚುವ ಗದ್ದಲ ಮಿಡಿತದಲ್ಲಿ ಕಾಣುತ್ತೆ. ಗುಂಪಿನಲ್ಲಿ ಒಂದರ ಗದ್ದಲವನ್ನು ಇನ್ನೊಂದು ಕಳೆಯುತ್ತೆ.

ಕೋಶಕಥೆ

ಇದಕ್ಕೆ ಒಂದು ಸೇರಿಸ್ತೀನಿ. ಬಾಲ್ಟಿಮೋರ್‌ನ ಎಡ್ವರ್ಡ್ ಲಕಾಟಾ ತಂಡ 2020ರಲ್ಲಿ ಇಲಿಯ ನೋಡ್‌ನೊಳಗಿನ ಕ್ಯಾಲ್ಸಿಯಂ ಅನ್ನು ಒಂದೊಂದು ಕೋಶ ಕಾಣುವಷ್ಟು ಹತ್ತಿರದಿಂದ ಚಿತ್ರಿಸಿತು. ಎಲ್ಲ ಕೋಶಗಳೂ ಒಂದೇ ಲಯದಲ್ಲಿ ಇರಲೇ ಇಲ್ಲ. ಕೆಲವು ನಿಧಾನ, ಕೆಲವು ಆಗೊಮ್ಮೆ ಈಗೊಮ್ಮೆ. ಇನ್ನು ಕೆಲವು ಪೂರ್ತಿ ಮಿಡಿಯದೆ ಒಳಗೊಳಗೇ ಸಣ್ಣಗೆ ಮಿನುಗುತ್ತಿದ್ದವು. ಈ ಗೊಂದಲದಿಂದಲೇ ಹೊರಗೆ ಅಚ್ಚುಕಟ್ಟಾದ ಮಿಡಿತ ಬರುತ್ತಿತ್ತು. ಆ ಪ್ರಬಂಧದ ವಿಡಿಯೋ ನೋಡಿದ ಮೇಲೆ ನಾನು ನೋಡ್ ಅನ್ನು ಒಂದೇ ಗಡಿಯಾರ ಅಂತ ಯೋಚಿಸೋದು ಬಿಟ್ಟೆ.

ಬೆಳಗಾವಿ_ಡಾಕ್ಟರ್

ಮೊದಲು ಮಿಡಿಯುವ ಜಾಗವೂ ಒಂದೇ ಕಡೆ ನಿಲ್ಲಲ್ಲ. ಓಡಿದಾಗ, ಗಾಬರಿಯಾದಾಗ ನೋಡ್‌ನ ಮೇಲ್ಭಾಗ ಮುಂದಾಗುತ್ತೆ. ಮಿಡಿತ ನಿಧಾನಗೊಳಿಸುವ ವೇಗಸ್ ನರದ ಪ್ರಭಾವ ಜಾಸ್ತಿಯಾದಾಗ, ಅಂದರೆ ವಿಶ್ರಾಂತಿಯಲ್ಲಿ, ಜಾಗ ಕೆಳಕ್ಕೆ ಸರಿಯುತ್ತೆ. ಅದಕ್ಕೇ ಒಬ್ಬನದೇ ಇಸಿಜಿಯಲ್ಲಿ ಎರಡನೇ, ಮೂರನೇ ಲೀಡ್‌ನ (ಹೃದಯವನ್ನು ಬೇರೆ ಬೇರೆ ಕೋನದಿಂದ ದಾಖಲಿಸುವ ಗೆರೆಗಳ) ಪಿ ಅಲೆಯ ಎತ್ತರ ಬದಲಾಗೋದು. ಉದ್ದಕ್ಕೆ ಹರಡಿಕೊಂಡ ನೋಡ್ ಇದ್ದರಿಂದ ಇದು ಸಾಧ್ಯ. ಒಂದೇ ಚುಕ್ಕೆಯಂತಿದ್ದರೆ ಆಗುತ್ತಿರಲಿಲ್ಲ.

ಕೊಡಚಾದ್ರಿ

ನಾನು ಭೌತಶಾಸ್ತ್ರದವನು, ಓದುತ್ತಾ ಒಂದು ಪ್ರಶ್ನೆ ಬಂತು. ಪೇಸ್‌ಮೇಕರ್ ಕೋಶವೇ ಇಲ್ಲದ ಅಂಗಾಂಶ ತಾನಾಗಿ ಮಿಡಿಯಬಹುದಾ? ಕೋಶಗಳ ಜೋಡಣೆಯಿಂದಷ್ಟೇ?

ಅಲೆಗಣಿತ

ಮಿಡಿಯಬಹುದು. ಸಾಮಾನ್ಯ ಸ್ನಾಯು ಕೋಶ ಮೈನಸ್ 85ರಲ್ಲಿ ಕೂತಿದೆ. ಅದರ ಪಕ್ಕ ಫೈಬ್ರೋಬ್ಲಾಸ್ಟ್, ಅಂದರೆ ನಾರು ತಯಾರಿಸುವ ಕೋಶ ಇಡಿ. ಅದು ತಾನಾಗಿ ಮಿಡಿಯಲ್ಲ. ಆದರೆ ಅದರ ವೋಲ್ಟೇಜ್ ಸ್ನಾಯು ಕೋಶದ್ದಕ್ಕಿಂತ ತುಂಬಾ ಮೇಲಿದೆ. ಅದು ಸ್ನಾಯು ಕೋಶವನ್ನು ಮೇಲಕ್ಕೆ ಎಳೆಯುತ್ತೆ. ಅಂಥವು ಸಾಕಷ್ಟು ಸೇರಿ, ಸಂಪರ್ಕವೂ ತಕ್ಕಷ್ಟಿದ್ದರೆ, ಮಿಡಿಯದ ಎರಡು ಬಗೆಯ ಕೋಶಗಳು ಜೊತೆಯಾಗಿ ಮಿಡಿಯತೊಡಗುತ್ತವೆ. ವಿನ್ಸೆಂಟ್ ಜಾಕ್ಮೆ 2006ರಲ್ಲಿ ಇದನ್ನು ಮಾದರಿಯಲ್ಲಿ ತೋರಿಸಿದರು.

ಹೃದಯದ ಹೊರಗೆ ಇದಕ್ಕಿಂತ ಸೊಗಸಾದ ಉದಾಹರಣೆ ಗರ್ಭಕೋಶ. ಹೆರಿಗೆ ನೋವಿನಲ್ಲಿ ಅದು ಲಯಬದ್ಧವಾಗಿ ಬಿಗಿಯಾಗುತ್ತೆ, ಆದರೆ ಅಲ್ಲಿ ಎಸ್‌ಎ ನೋಡ್‌ನಂಥದ್ದು ಕಂಡುಬಂದಿಲ್ಲ. ತಿಂಗಳು ತುಂಬಿದಂತೆ ಕೋಶಗಳ ನಡುವೆ ಗ್ಯಾಪ್ ಜಂಕ್ಷನ್‌ಗಳು ಹೆಚ್ಚುತ್ತವೆ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯ ಸಿತಾಭ್ರ ಸಿನ್ಹಾ ಮತ್ತು ಫ್ರಾನ್ಸಿನ ಸಹೋದ್ಯೋಗಿಗಳು 2012ರಲ್ಲಿ ಇದರ ಮಾದರಿ ಕಟ್ಟಿದರು. ಸಂಪರ್ಕ ಬಿಗಿಯಾಗುತ್ತಾ ಹೋದಂತೆ ಮೊದಲು ಅಲ್ಲಲ್ಲಿ ಗುಂಪುಗಳು ಬೇರೆ ಬೇರೆ ಲಯದಲ್ಲಿ ಮಿಡಿದು, ಆಮೇಲೆ ಇಡೀ ಅಂಗಾಂಶ ಒಂದೇ ಲಯಕ್ಕೆ ಬರುತ್ತೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ರಾಹುಲ್ ಪಂಡಿತ್ ಅವರ ಗುಂಪೂ ಹೃದಯದ ಅಲೆಗಳ ಮೇಲೆ ತುಂಬಾ ಕೆಲಸ ಮಾಡಿದೆ, ಹೆಚ್ಚಾಗಿ ಸುರುಳಿ ಅಲೆಗಳ ಮೇಲೆ.

ಸುರುಳಿ ಅಂದಾಗ ನೆನಪಾಯ್ತು. ತುಂಗಾತೀರ, ಡಿಶ್‌ನಲ್ಲಿ ಕೋಶ ತೆಳುವಾಗಿ ಹರಡಿದ್ದರೆ ಹುಷಾರಾಗಿ ನೋಡಿ. ಮಾಂಟ್ರಿಯಲ್‌ನ ಬಬ್, ಶ್ರಿಯರ್, ಗ್ಲಾಸ್ 2002ರಲ್ಲಿ ಕೋಳಿ ಭ್ರೂಣದ ಕೋಶಗಳ ಹಾಳೆಯಲ್ಲಿ ಸಂಪರ್ಕ ಕಡಿಮೆ ಮಾಡುತ್ತಾ ಹೋದರು. ಮೊದಲು ಸಲೀಸಾದ ಅಲೆಗಳಿದ್ದವು. ಆಮೇಲೆ ಅಲೆ ಅಲ್ಲಲ್ಲಿ ತುಂಡಾಗಿ ಸುರುಳಿಗಳಾದವು. ಸುರುಳಿ ಒಮ್ಮೆ ಹುಟ್ಟಿದರೆ ತನ್ನಷ್ಟಕ್ಕೆ ಸುತ್ತುತ್ತಾ ಡಿಶ್ ಅನ್ನು ವೇಗವಾಗಿ ಮಿಡಿಸುತ್ತೆ. ಬರೀ ಕಣ್ಣಿಗೆ ಒಳ್ಳೇ ಪೇಸ್‌ಮೇಕರ್ ಇದ್ದ ಹಾಗೇ ಕಾಣುತ್ತೆ. ಹಾಗಾಗಿ ಮಿಡಿತ ಎಣಿಸಿದರೆ ಸಾಲದು, ಅಲೆ ಎಲ್ಲಿಂದ ಹೊರಟಿತು ಅಂತಲೂ ನೋಡಬೇಕು.

ಕೋಶಕಥೆ

ಇದೆಲ್ಲ ಯಾಕೆ ಮುಖ್ಯ ಅಂತ ಕೇಳುವವರಿಗೆ ಎರಡು ಕೆಲಸ ಹೇಳ್ತೀನಿ. ಎರಡೂ ಒಂದಕ್ಕೊಂದು ಎದುರು ದಿಕ್ಕಿನವು.

ಒಂದು, ಮೆಷಿನ್ ಬದಲು ಜೀವಂತ ಪೇಸ್‌ಮೇಕರ್ ಮಾಡುವ ಪ್ರಯತ್ನ. ಭ್ರೂಣದಲ್ಲಿ ನೋಡ್ ರೂಪುಗೊಳ್ಳಲು ಬೇಕಾದ ಟಿಬಿಎಕ್ಸ್18 ಜೀನ್ ಅನ್ನು ಸಾಮಾನ್ಯ ಹೃದಯ ಕೋಶಕ್ಕೆ ಕೊಟ್ಟು ಅದನ್ನು ಪೇಸ್‌ಮೇಕರ್ ಕೋಶದಂತೆ ಬದಲಿಸಿದರು. ಇದು 2013ರಲ್ಲಿ. ಮರುವರ್ಷ ಹಾರ್ಟ್ ಬ್ಲಾಕ್ ಮಾಡಿದ, ಅಂದರೆ ಮೇಲ್ಕೋಣೆಯ ಸಂಕೇತ ಕೆಳಕೋಣೆಗೆ ತಲುಪದಂತೆ ಮಾಡಿದ ಹಂದಿಗಳಲ್ಲಿ, ಎದೆ ತೆರೆಯದೆ, ಕ್ಯಾತಿಟರ್ ಮೂಲಕ ಪ್ರಯೋಗಿಸಿದರು. ಎರಡು ವಾರದ ಆ ಪ್ರಯೋಗದಲ್ಲಿ ಹೃದಯ ಜೀನ್ ಕೊಟ್ಟ ಜಾಗದಿಂದ ಮಿಡಿಯಿತು. 2017ರಲ್ಲಿ ಟೊರಾಂಟೊದ ತಂಡವೊಂದು ಮನುಷ್ಯರ ಕಾಂಡಕೋಶಗಳಿಂದ ನೋಡ್‌ನಂಥ ಕೋಶಗಳನ್ನೇ ಬೆಳೆಸಿ ಇಲಿಯ ಹೃದಯಕ್ಕೆ ಹಾಕಿ ಮಿಡಿಸಿ ತೋರಿಸಿತು. ನನ್ನ ಅಭಿಪ್ರಾಯದಲ್ಲಿ ಕೋಶ ತಯಾರಿಸುವುದು ಈಗ ಅರ್ಧ ಕೆಲಸ ಅಷ್ಟೇ. ಅವುಗಳನ್ನು ಯಾವ ಆಕಾರದಲ್ಲಿ, ಎಷ್ಟು ಸಡಿಲವಾಗಿ ಕೂರಿಸಬೇಕು, ಹೊರದಾರಿ ಎಲ್ಲಿ ಬಿಡಬೇಕು ಅನ್ನೋದು ಇನ್ನರ್ಧ. ಅದರ ಕಡೆಗೆ ಸಾಕಷ್ಟು ಗಮನ ಹೋಗಿಲ್ಲ.

ಇನ್ನೊಂದು, ಹಾರ್ಟ್ ಅಟ್ಯಾಕ್ ಆದ ಜಾಗಕ್ಕೆ ಹೊಸ ಸ್ನಾಯು ತುಂಬುವ ಕೆಲಸ. ಇಲ್ಲಿ ತಾನಾಗಿ ಮಿಡಿಯುವುದೇ ತೊಂದರೆ. ಸಿಯಾಟಲ್‌ನ ಚಾರ್ಲ್ಸ್ ಮರಿ ಅವರ ತಂಡ 2014ರಲ್ಲಿ ಕಾಂಡಕೋಶದಿಂದ ಬೆಳೆಸಿದ ಸ್ನಾಯು ಕೋಶಗಳನ್ನು ಮಂಗಗಳ ಹೃದಯಕ್ಕೆ ಹಾಕಿತು. ಕೋಶಗಳು ಚೆನ್ನಾಗಿ ನಾಟಿಕೊಂಡವು, ಆದರೆ ಕೆಳಕೋಣೆಯಲ್ಲಿ ಲಯ ತಪ್ಪಿತು. ಎಳೆಯ ಕೋಶಗಳು ಗಾಯದ ನಾರಿನ ನಡುವೆ ದ್ವೀಪಗಳ ಹಾಗೆ ಕೂತಿರುತ್ತವೆ. ಮೇಲೆ ಹೇಳಿದ ಅನುಕೂಲಗಳೆಲ್ಲ ಅವಕ್ಕೆ ಸಿಕ್ಕಿಬಿಡುತ್ತವೆ: ಗುಂಪು ಇದೆ, ಹೊರೆ ಕಡಿಮೆ, ಅಲ್ಲಲ್ಲಿ ದಾರಿ. 2023ರಲ್ಲಿ ಅದೇ ಊರಿನವರು ಮೂರು ಜೀನ್‌ಗಳನ್ನು ತೆಗೆದು, ಕಿರ್ 2.1 ಜೀನ್ ಅನ್ನು ಹೆಚ್ಚಿಸಿ, ತಾನಾಗಿ ಮಿಡಿಯದೆ ಹೇಳಿದಾಗ ಮಾತ್ರ ಮಿಡಿಯುವ ಕೋಶ ಮಾಡಿದರು. ತೆಗೆದ ಮೂರರಲ್ಲಿ ಒಂದು ಎಚ್‌ಸಿಎನ್4.

ತುಂಗಾತೀರ

ನನ್ನ ಪ್ರಾಜೆಕ್ಟ್‌ಗೆ ದಾರಿ ಸಿಕ್ಕ ಹಾಗಾಯ್ತು! ಗೈಡ್ ಜೊತೆ ಮಾತಾಡಿದೆ. ಅಷ್ಟೇ ಪೇಸ್‌ಮೇಕರ್ ಕೋಶಗಳನ್ನು ಮೂರು ಥರ ಇಟ್ಟು ನೋಡೋಣ ಅಂದ್ರು: ಪೂರ್ತಿ ಬೆರೆಸಿ, ನಡುವೆ ಒಂದು ದ್ವೀಪ, ಅಂಚಿನಲ್ಲಿ ಒಂದು ದ್ವೀಪ. ಸಿಲಿಕೋನ್ ಸ್ಟೆನ್ಸಿಲ್ ಲ್ಯಾಬ್‌ನಲ್ಲೇ ಇದೆ. ಯಾವುದಕ್ಕೆ ಹುಷಾರಾಗಿರಬೇಕು?

ಕೋಶಕಥೆ

ಎಲ್ಲಕ್ಕಿಂತ ಮೊದಲು ಹಿನ್ನೆಲೆ ನೋಡಿಕೊಳ್ಳಿ. ಇಲಿಮರಿಯ ಕೆಳಕೋಣೆಯ ಕೋಶಗಳು ಇನ್ನೂ ಎಳೆಯವು. ಕಿರ್ 2.1 ಕಡಿಮೆ, ಅವೇ ತಾವಾಗಿ ಮಿಡಿಯುತ್ತವೆ. ನೀವೇ ನೋಡಿದ್ದೀರಲ್ಲ. ಹಿನ್ನೆಲೆಯೇ ಮಿಡಿಯುತ್ತಿದ್ದರೆ ದ್ವೀಪ ಗೆದ್ದಿತಾ ಸೋತಿತಾ ಅಂತ ಹೇಳೋಕಾಗಲ್ಲ. ವೈರಸ್ ಮೂಲಕ ಹಿನ್ನೆಲೆ ಕೋಶಗಳಿಗೆ ಕಿರ್ 2.1 ಕೊಟ್ಟು ಸುಮ್ಮನಾಗಿಸಬಹುದು. ಅದು ಕಷ್ಟ ಅನ್ನಿಸಿದರೆ, ದ್ವೀಪ ಇಲ್ಲದ ಡಿಶ್‌ಗಳನ್ನೂ ಪ್ರತಿ ಸಲ ಜೊತೆಗೆ ಇಡಿ.

ಫೈಬ್ರೋಬ್ಲಾಸ್ಟ್‌ಗಳನ್ನು ಪ್ರೀ-ಪ್ಲೇಟಿಂಗ್ ಮಾಡಿ ತೆಗೆಯಿರಿ. ಅವು ಸ್ನಾಯು ಕೋಶಗಳಿಗಿಂತ ಬೇಗ ಡಿಶ್‌ಗೆ ಅಂಟುತ್ತವೆ, ಅಂಟದೆ ಉಳಿದದ್ದನ್ನು ನೀವು ಬಳಸಿ. ಅವು ಹೆಚ್ಚು ಉಳಿದರೆ ಏನಾಗುತ್ತೆ ಅಂತ ಅಲೆಗಣಿತ ಸರ್ ಈಗಾಗಲೇ ಹೇಳಿದ್ದಾರೆ. ಪೇಸ್‌ಮೇಕರ್ ಕೋಶಗಳಿಗೆ ಕೆಂಪು ಗುರುತು ಹಾಕಿ, ಕ್ಯಾಲ್ಸಿಯಂ ಕಾಣಲು ಫ್ಲುವೋ-4 ಎಂಬ ಹಸಿರು ಹೊಳಪಿನ ಬಣ್ಣ ಬಳಸಿ, ಎರಡೂ ಬಣ್ಣ ಬೇರೆ ಬೇರೆಯಾಗಿ ಕಾಣಬೇಕು. ಆಗ ಅಲೆ ದ್ವೀಪದಿಂದಲೇ ಹೊರಟಿತಾ ಅನ್ನೋದು ವಿಡಿಯೋದಲ್ಲೇ ಗೊತ್ತಾಗುತ್ತೆ.

ಅಲೆಗಣಿತ

ಸರಾಸರಿ ಲಯ ಒಂದನ್ನೇ ಬರೀಬೇಡಿ. ಪ್ರತಿ ಡಿಶ್‌ನ ಏರುಪೇರು, ಮಿಡಿಯದೇ ಉಳಿದ ಡಿಶ್‌ಗಳ ಪಾಲು, ಎರಡನ್ನೂ ಬರೀರಿ. ಬೆರೆಸಿದ ಡಿಶ್‌ಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಜಾಸ್ತಿ ಬಂದರೆ ಅದನ್ನು ಪ್ರಯೋಗ ಕೆಟ್ಟಿತು ಅಂತ ಬದಿಗಿಡಬೇಡಿ, ಅದೇ ಒಂದು ಫಲಿತಾಂಶ. ಸಾಧ್ಯವಾದರೆ ಕೊನೆಗೆ ಕಾರ್ಬೆನಾಕ್ಸೊಲೋನ್ ಹಾಕಿ ಗ್ಯಾಪ್ ಜಂಕ್ಷನ್ ಸ್ವಲ್ಪ ಸ್ವಲ್ಪ ಸಡಿಲಿಸಿ. ನಡುವೆ ಸುಮ್ಮನಿದ್ದ ದ್ವೀಪ ಎದ್ದು ಮಿಡಿದರೆ, ಅದನ್ನು ಅಡಗಿಸಿದ್ದು ಸುತ್ತಲಿನ ಎಳೆತವೇ ಅನ್ನೋದಕ್ಕೆ ಬಲವಾದ ಆಧಾರ ಸಿಗುತ್ತೆ. ಔಷಧ ಬೆರೆಸದ ದ್ರಾವಣವನ್ನೂ ಬೇರೆ ಡಿಶ್‌ಗೆ ಹಾಕಿ ಹೋಲಿಸಿ.

ತುಂಗಾತೀರ

ಬರೆದಿಟ್ಟುಕೊಂಡೆ ಸರ್. ಕಾರ್ಬೆನಾಕ್ಸೊಲೋನ್ ಆರ್ಡರ್ ಮಾಡೋಕೆ ಹೇಳ್ತೀನಿ. ವಿಡಿಯೋ ಇನ್‌ಕ್ಯುಬೇಟರ್ ಹೊರಗೆ ತೆಗೀಬಹುದಾ?

ಕೋಶಕಥೆ

ಮೈಕ್ರೋಸ್ಕೋಪ್‌ಗೆ ಬಿಸಿ ಸ್ಟೇಜ್ ಇದ್ದರೆ ಮಾತ್ರ, 37 ಡಿಗ್ರಿಗೆ ಇಟ್ಟು. ತಣ್ಣಗಾದರೆ ಮಿಡಿತ ನಿಧಾನವಾಗುತ್ತೆ, ಡಿಶ್‌ನಿಂದ ಡಿಶ್‌ಗೆ ಹೋಲಿಕೆ ಹಾಳಾಗುತ್ತೆ. ಸ್ಟೇಜ್ ಮೇಲಿಟ್ಟ ಮೇಲೆ ಸ್ವಲ್ಪ ಹೊತ್ತು ಬಿಟ್ಟು ರೆಕಾರ್ಡ್ ಮಾಡಿ. ಮೀಡಿಯಂ ಬದಲಿಸಿದ ಕೂಡಲೇ ಬೇಡ.